ಇಳುವರಿಯ ಲೆಕ್ಕದಲ್ಲಿ ಕಾಣದ ಬೆಟ್ಟ

ಕಾಫಿ ಉದ್ಯಮದ ಸಭೆ, ಸಮಾವೇಶಗಳಲ್ಲಿ ಒಂದು ಹೋಲಿಕೆ ಮಂತ್ರದಂತೆ ಪುನರಾವರ್ತನೆಯಾಗುತ್ತದೆ. ವಿಯೆಟ್ನಾಮಿನ ರೈತ ಒಂದು ಹೆಕ್ಟೇರಿನಲ್ಲಿ ಎರಡೂವರೆ ಟನ್ನಿನಷ್ಟು ಕಾಫಿ ತೆಗೆಯುತ್ತಾನೆ. ಭಾರತದ ಸರಾಸರಿ ಒಂದು ಟನ್ನನ್ನೂ ಮುಟ್ಟುವುದಿಲ್ಲ. ಆದ್ದರಿಂದ ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರ ಜಾಗತಿಕ ಸ್ಪರ್ಧೆಯಲ್ಲಿ ಉಳಿಯಬೇಕಾದರೆ ನೆರಳು ತೆಗೆಯಬೇಕು, ರೊಬಸ್ಟಾ ವಿಸ್ತರಿಸಬೇಕು, ನೀರು ಮತ್ತು ರಸಗೊಬ್ಬರ ಹೆಚ್ಚಿಸಬೇಕು ಎಂಬುದು ಆ ಮಂತ್ರದ ಫಲಶ್ರುತಿ. ಅಂಕಿ ಸರಿಯಾಗಿಯೇ ಇದೆ. ಅದರಿಂದ ತೆಗೆದ ತೀರ್ಮಾನ ಮಾತ್ರ ಬೆಟ್ಟಕ್ಕೂ ಬೆಳೆಗಾರನಿಗೂ ಮಾರಕವಾದುದು.

ಈ ಪ್ರಯೋಗ ಹೊಸತೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಡಗಿಗೆ ಬಂದ ಐರೋಪ್ಯ ತೋಟಗಾರರಲ್ಲಿ ಅನೇಕರು ಕಾಡನ್ನು ಕಡಿದು ಸುಟ್ಟು ಬಯಲು ಬಿಸಿಲಿನಲ್ಲಿ ಕಾಫಿ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಆ ತೋಟಗಳನ್ನು ಹಾಳುಗೆಡವಿತು. ತನಿಖೆ ನಡೆಸಿದ ವೈದ್ಯಾಧಿಕಾರಿ ಜಾರ್ಜ್ ಬಿಡಿ 1869ರ ವರದಿಯಲ್ಲಿ ಮರದ ನೆರಳನ್ನೇ ಪರಿಹಾರವಾಗಿ ಸೂಚಿಸಿದನು. ಅದೇ ವರ್ಷ ಸಿಂಹಳದಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಎರಡು ದಶಕಗಳಲ್ಲಿ ಅಲ್ಲಿನ ಕಾಫಿ ಬಹುಪಾಲು ಅಳಿದು ಚಹಾ ಬಂದಿತು. ಇಂದು ಮಲೆನಾಡಿನ ತೋಟಗಳಲ್ಲಿರುವ ನೆರಳು ಅಜ್ಞಾನದ ಕುರುಹಲ್ಲ, ಭಾರೀ ಬೆಲೆ ತೆತ್ತು ಕಲಿತ ಪಾಠ. ಅರೇಬಿಕಾ ಗಿಡವನ್ನು ಬಿಳಿ ಕಾಂಡಕೊರಕದಿಂದ ಕಾಪಾಡಲು ನೆರಳು ಬೇಕೆಂಬುದನ್ನು ಇಂದಿನ ಕೃಷಿ ವಿಜ್ಞಾನವೂ ಒಪ್ಪುತ್ತದೆ.

ಇಳುವರಿ ಹೆಚ್ಚಿದರೆ ಬೆಳೆಗಾರನ ಆದಾಯವೂ ಹೆಚ್ಚುವುದೆಂಬ ನಂಬಿಕೆಯನ್ನು ಇತಿಹಾಸ ಸಮರ್ಥಿಸುವುದಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಕುಸಿಯಿತು. 1990ರ ದಶಕದಲ್ಲಿ ವಿಯೆಟ್ನಾಮಿನ ಉತ್ಪಾದನೆ ನಾಗಾಲೋಟದಿಂದ ಏರಿ, ಅದು ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂದಿತು. ಅದರ ಬೆನ್ನಿಗೇ, 2001ರ ಹೊತ್ತಿಗೆ, ಕಾಫಿಯ ಬೆಲೆ ಹಲವು ದಶಕಗಳಲ್ಲೇ ಕಾಣದಷ್ಟು ಕೆಳಗಿಳಿಯಿತು. ನಷ್ಟ ಅನುಭವಿಸಿದವರು ಡಾಕ್‌ಲಾಕ್‌ನ ರೈತರು, ಮಲೆನಾಡಿನ ಬೆಳೆಗಾರರು ಮತ್ತು ಲೈನ್‌ಮನೆಗಳ ಕೂಲಿಕಾರರು. ಅಗ್ಗದ ಬೀಜ ಕೊಂಡು ಹುರಿದು ಮಾರಿದ ಬಹುರಾಷ್ಟ್ರೀಯ ಕಂಪನಿಗಳಿಗೆ ಅದು ಸುಗ್ಗಿಯ ಕಾಲ. ಬೆಲೆಯನ್ನು ಲಂಡನ್, ನ್ಯೂಯಾರ್ಕ್ ಪೇಟೆಗಳು ನಿರ್ಧರಿಸುವಾಗ, ಎಲ್ಲರೂ ಏಕಕಾಲಕ್ಕೆ ಇಳುವರಿ ಹೆಚ್ಚಿಸಿದರೆ ಗೆಲ್ಲುವವನು ಕೊಳ್ಳುವವನೇ ಅಲ್ಲವೇ?

ಆ ಎರಡೂವರೆ ಟನ್ನಿನ ಹಿಂದೆ ಅಂತರ್ಜಲದ ಕಥೆಯೂ ಇದೆ. ವಿಯೆಟ್ನಾಮಿನ ಮಧ್ಯ ಎತ್ತರಪ್ರದೇಶದಲ್ಲಿ ರೊಬಸ್ಟಾ ನಿಂತಿರುವುದು ಬೇಸಿಗೆಯಲ್ಲಿ ಬಾವಿಗಳಿಂದ ಎತ್ತುವ ನೀರಿನ ಮೇಲೆ. 2016ರಲ್ಲಿಯೂ 2024ರಲ್ಲಿಯೂ ಬರ ಬಂದಾಗ ಆ ವ್ಯವಸ್ಥೆ ತತ್ತರಿಸಿತು. 2024ರ ಸೆಪ್ಟೆಂಬರಿನಲ್ಲಿ ರೊಬಸ್ಟಾ ಬೆಲೆ ಲಂಡನ್ನಿನಲ್ಲಿ ಟನ್ನಿಗೆ 5,000 ಡಾಲರ್ ದಾಟಲು ಅಲ್ಲಿನ ಬರವೂ ಒಂದು ಕಾರಣ. ಮಾದರಿಯೆಂದು ತೋರಿಸಲಾಗುವ ನಾಡು ನೀರಿಲ್ಲದೆ ಬಳಲಿದ ವರ್ಷ ಅದು.

ಮಲೆನಾಡಿನಲ್ಲಿಯೂ ಅದೇ ಹಾದಿ ತೆರೆದುಕೊಂಡಿದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ ತಪ್ಪಿದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಬೇಕು. ಹಳ್ಳ, ತೊರೆಗಳು ಅತ್ಯಂತ ಸಣಕಲಾಗುವ ಕಾಲವೂ ಅದೇ. ಕಾವೇರಿ, ಹೇಮಾವತಿ, ಭದ್ರೆಯರ ಜಲಾನಯನದಲ್ಲಿ ಪಂಪುಗಳು ಏಕಕಾಲಕ್ಕೆ ಹೊರಟಾಗ ಕೆಳಗಿನ ಊರಿನ ಪಾಲೇನು? ಉತ್ಪಾದಕತೆಯ ಲೆಕ್ಕಪತ್ರದಲ್ಲಿ ಆ ಕಲಮೇ ಇಲ್ಲ. ಅತ್ತಿ, ಬಸರಿ, ಹಲಸು, ನಂದಿ ಮರಗಳು ಉದುರಿಸುವ ದರಗು, ಅವು ಹಿಡಿದಿಡುವ ತೇವ, ಅವುಗಳಿಗೆ ಹಬ್ಬಿದ ಕಾಳುಮೆಣಸು, ಅವುಗಳಲ್ಲಿ ನೆಲೆಸಿದ ಹಕ್ಕಿಗಳು ಇವಾವುವೂ ಹೆಕ್ಟೇರಿನ ಕಾಫಿ ಟನ್ನಿನಲ್ಲಿ ಕಾಣುವುದಿಲ್ಲ. ಕುಸಿದ ಬೆಲೆಯ ವರ್ಷಗಳಲ್ಲಿ ಎಷ್ಟೋ ಸಂಸಾರಗಳನ್ನು ದಡ ಸೇರಿಸಿದ್ದು ಮಾತ್ರ ಆ ಮೆಣಸಿನ ಬಳ್ಳಿಯೇ.

ಕಾನೂನೂ ಬೆಟ್ಟದ ಪರವಾಗಿಲ್ಲ. ಕರ್ನಾಟಕದ 1976ರ ಮರಗಳ ಸಂರಕ್ಷಣಾ ಕಾಯಿದೆಯಡಿ ಸಿಲ್ವರ್ ಓಕ್ ಕಡಿಯಲು ಪೂರ್ವಾನುಮತಿ ಬೇಡ. ಹೆಚ್ಚಿನ ಕಾಡುಮರಗಳಿಗೆ ಬೇಕು. ಫಲಿತಾಂಶ ಕಣ್ಣೆದುರಿಗಿದೆ. ಆಸ್ಟ್ರೇಲಿಯಾದಿಂದ ಬಂದ ಆ ಮರ ಸಾಲುಸಾಲಾಗಿ ಎದ್ದಿದೆ, ನಾಡಮರಗಳು ಒಂದೊಂದಾಗಿ ಮರೆಯಾಗುತ್ತಿವೆ. ನಾಡಮರವನ್ನು ಉಳಿಸಿಕೊಂಡವನಿಗೆ ಕಚೇರಿಯ ಅಲೆದಾಟ, ತೆಗೆದವನಿಗೆ ಸುಲಭ ಸಂಪಾದನೆ ಎಂಬ ವ್ಯವಸ್ಥೆ ಸಂರಕ್ಷಣೆಯ ಹೆಸರಿಗೇ ಅಪಮಾನ.

ಹಾಗೆಂದು ಸಾಲದ ಹೊರೆ ಹೊತ್ತ ಸಣ್ಣ ಬೆಳೆಗಾರನಿಗೆ ನೆರಳಿನ ಮಹಿಮೆಯನ್ನು ಬೋಧಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಅವನ ಉತ್ಪಾದಕತೆ ಹೆಚ್ಚಲೇಬೇಕು. ಮುದಿಗಿಡಗಳ ಬದಲು ರೋಗನಿರೋಧಕ ತಳಿ ನೆಡುವುದು, ಹದವರಿತು ಮರಗಸಿ ಮಾಡುವುದು, ಹಣ್ಣಾದುದನ್ನೇ ಕೊಯ್ದು ಚೊಕ್ಕಟವಾಗಿ ಸಂಸ್ಕರಿಸುವುದು, ಸಹಕಾರಿ ಪಲ್ಪಿಂಗ್ ಘಟಕ ಕಟ್ಟುವುದು ಇವುಗಳಿಂದ ಅದು ಸಾಧ್ಯ. ಕೊಯ್ಲಿನ ಕೂಲಿಯನ್ನು ಹಿಂಡಿ ಸ್ಪರ್ಧಾತ್ಮಕತೆ ಗಳಿಸುವುದು ಕಳ್ಳಲೆಕ್ಕ. ಕೈಗಳೇ ಇಲ್ಲದ ತೋಟದಲ್ಲಿ ಹಣ್ಣು ನೆಲಕ್ಕೆ ಉದುರುತ್ತದೆ.

ಐರೋಪ್ಯ ಒಕ್ಕೂಟದ 2023ರ ನಿಯಮ 2020ರ ನಂತರ ಕಾಡು ಕಡಿದ ನೆಲದ ಕಾಫಿಯನ್ನು ನಿಷೇಧಿಸುತ್ತದೆ. ಅದರ ಜಾರಿ ಮತ್ತೆ ಮತ್ತೆ ಮುಂದೆ ಹೋಗಿದ್ದರೂ, ಕೊಳ್ಳುವವರು ಇನ್ನು ಬೀಜದ ಜೊತೆಗೆ ನೆಲದ ಚರಿತ್ರೆಯನ್ನೂ ಕೇಳುವರೆಂಬುದು ಸ್ಪಷ್ಟ. ಮರವಿರುವ ತೋಟ ಮಲೆನಾಡಿನ ದೌರ್ಬಲ್ಯವಲ್ಲ, ವಿಯೆಟ್ನಾಮಿನ ಬಳಿ ಇಲ್ಲದ ಬಂಡವಾಳ. ಆ ಬಂಡವಾಳ ಉಳಿಯಬೇಕಾದರೆ ಸಹಾಯಧನ ಪಂಪು, ಪೈಪುಗಳ ಬದಲು ನಾಡಮರಗಳ ಎಣಿಕೆಗೆ ದೊರೆಯಬೇಕು. ತಾನೇ ನೆಟ್ಟು ಬೆಳೆಸಿದ ನಾಡಮರದ ಮೇಲೆ ಬೆಳೆಗಾರನಿಗೆ ಹಕ್ಕಿರುವಂತೆ ಕಾಯಿದೆ ತಿದ್ದುಪಡಿಯಾಗಬೇಕು. ಕಾವೇರಿಯ ನೀರು ಕುಡಿಯುವ ನಗರಗಳು ಆ ನೀರನ್ನು ಕಾಯುವ ಇಳಿಜಾರುಗಳಿಗೆ ತಮ್ಮ ಪಾಲನ್ನು ಸಲ್ಲಿಸಬೇಕು. ಅಲ್ಲಿಯವರೆಗೆ ಎರಡೂವರೆ ಟನ್ನಿನ ಆಸೆ ತೋರಿಸುವವರನ್ನು ಬೆಳೆಗಾರರ ಸಂಘಗಳು ಒಂದೇ ಪ್ರಶ್ನೆ ಕೇಳಬೇಕಾಗಿದೆ: ನೀರು ಯಾರದು, ಲಾಭ ಯಾರಿಗೆ?