ಹತ್ತುಮೀನಿನ ಪಾಠ ಹವಳದ ದಿಬ್ಬಕ್ಕೂ ಬೇಕು

ಹಾಂಗ್‌ಕಾಂಗ್‌ನ ದೊಡ್ಡ ಭೋಜನಗೃಹಗಳಲ್ಲಿ ಗಾಜಿನ ತೊಟ್ಟಿಗಳ ಸಾಲು ಇರುತ್ತದೆ. ಈಜುತ್ತಿರುವ ಮೀನನ್ನು ಗಿರಾಕಿ ಬೆರಳು ಮಾಡಿ ತೋರಿಸುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಅದು ಹಬೆಯಲ್ಲಿ ಬೆಂದು ತಟ್ಟೆಗೆ ಬರುತ್ತದೆ. ಚೀನೀ ಭಾಷೆಯಲ್ಲಿ ಮೀನು ಮತ್ತು ಸಮೃದ್ಧಿ ಎಂಬ ಎರಡು ಪದಗಳ ಉಚ್ಚಾರಣೆ ಒಂದೇ. ಕೆಂಪು ಅಲ್ಲಿ ಮಂಗಳದ ಬಣ್ಣ. ಆದ್ದರಿಂದ ಮದುವೆಗೂ ಹೊಸ ವರ್ಷದ ಹಬ್ಬಕ್ಕೂ ಕೆಂಪು ಮೈಯ ಮೀನು ಬೇಕೇ ಬೇಕು, ಅದೂ ಜೀವಂತವಾಗಿ. ಸತ್ತ ಮೀನಿಗಿಂತ ಜೀವವಿರುವ ಮೀನಿಗೆ ಹಲವು ಪಟ್ಟು ಬೆಲೆ. ಈ ಬೆಲೆಯ ಬೆನ್ನು ಹತ್ತಿ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಮಲೇಷ್ಯಾಗಳಿಂದ ಹಿಡಿದು ಶಾಂತಸಾಗರದ ಪುಟ್ಟ ದ್ವೀಪಗಳವರೆಗೆ ಹವಳದ ದಿಬ್ಬಗಳು ಬರಿದಾಗುತ್ತ ಬಂದಿವೆ.

ಘಟ್ಟದ ಮೇಲಿನ ಹಳ್ಳಿಗೂ ಆ ಗಾಜಿನ ತೊಟ್ಟಿಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜ. ಸಂಬಂಧ ಮೀನಿನದಲ್ಲ, ವ್ಯಾಪಾರದ ರೀತಿಯದು. ಶುಂಠಿಯ ಬೆಲೆ ಏರಿದ ವರ್ಷಗಳಲ್ಲಿ ಹೊರಗಿನಿಂದ ಬಂದವರು ಮಲೆನಾಡಿನ ಗದ್ದೆಗಳನ್ನು ಗುತ್ತಿಗೆಗೆ ಹಿಡಿದು, ಮಣ್ಣಿಗೆ ವಿಷ ಸುರಿದು, ಕೊಳೆರೋಗ ತಗುಲಿದೊಡನೆ ಮುಂದಿನ ಊರಿಗೆ ಹೊರಟುಹೋದದ್ದನ್ನು ರೈತರು ಕಂಡಿದ್ದಾರೆ. ಜೀವಂತ ಮೀನಿನ ವರ್ತಕರ ಹಡಗೂ ಹಾಗೆಯೇ. ಒಂದು ದಿಬ್ಬದಲ್ಲಿ ದೊಡ್ಡ ಮೀನು ಮುಗಿದರೆ ಮತ್ತೊಂದು ದಿಬ್ಬಕ್ಕೆ ಲಂಗರು. ಲಾಭ ಹಡಗಿನೊಡನೆ ಹೋಗುತ್ತದೆ, ನಷ್ಟ ಊರಿನಲ್ಲಿ ಉಳಿಯುತ್ತದೆ.

ಈ ವ್ಯಾಪಾರದ ಮುಖ್ಯ ಸರಕು ಗ್ರೂಪರ್ ಜಾತಿಯ ಮೀನುಗಳು. ಕರಾವಳಿಯ ಜನ ಮುರು ಮೀನು ಎನ್ನುವುದು ಇದೇ ಬಳಗದ್ದು. ಅತಿ ಹೆಚ್ಚಿನ ಬೆಲೆಯದು ನೆಪೋಲಿಯನ್ ರ‍್ಯಾಸ್ ಎಂಬ ಬೇರೊಂದು ಬಳಗದ ಮೀನು. ಹಣೆಯ ಮೇಲೆ ಗುಬುಟಿರುವ ಈ ಹಸಿರು ಮೀನು ಎರಡು ಮೀಟರಿಗೂ ಮಿಗಿಲಾಗಿ ಬೆಳೆಯಬಲ್ಲದು, ಮೂವತ್ತು ವರ್ಷ ಬದುಕಬಲ್ಲದು. ಮೊಟ್ಟೆಯಿಡುವ ವಯಸ್ಸಿಗೆ ಬರಲು ಅದಕ್ಕೆ ಐದಾರು ವರ್ಷ ಬೇಕು. ಗ್ರೂಪರ್‌ಗಳಲ್ಲಿ ಹಲವು ಜಾತಿಗಳೂ ನೆಪೋಲಿಯನ್ ರ‍್ಯಾಸ್ ಕೂಡ ಹೆಣ್ಣಾಗಿ ಬಾಳು ಆರಂಭಿಸಿ, ದೊಡ್ಡದಾದ ಮೇಲೆ ಅವುಗಳಲ್ಲಿ ಕೆಲವು ಗಂಡಾಗಿ ಮಾರ್ಪಡುತ್ತವೆ. ದೊಡ್ಡ ಮೀನುಗಳನ್ನೆಲ್ಲ ಹಿಡಿದರೆ ಗಂಡುಗಳೇ ವಿರಳವಾಗುತ್ತವೆ. ಊಟದ ಮೇಜಿಗೆ ಒಪ್ಪುವ ಕಿಲೋ ತೂಕದ ಮೀನನ್ನೇ ಆರಿಸಿ ಹಿಡಿದರೆ, ನೆಪೋಲಿಯನ್ ರ‍್ಯಾಸ್‌ನಂತಹ ಮೀನು ಒಮ್ಮೆಯೂ ಮೊಟ್ಟೆಯಿಡದೆ ಮುಗಿಯುತ್ತದೆ. ಎರಡು ಕಡೆಯಿಂದಲೂ ಕತ್ತರಿ.

ಹಿಡಿಯುವ ಕ್ರಮವೂ ಘೋರವಾದುದು. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲಿ ಅಲಂಕಾರಿಕ ಮೀನು ಹಿಡಿಯಲು ಆರಂಭವಾದ ಸಯನೈಡ್ ಬಳಕೆ ಮುಂದೆ ಊಟದ ಮೀನಿಗೂ, ಇಂಡೋನೇಷ್ಯಾಕ್ಕೂ ಹಬ್ಬಿತು. ಸೋಡಿಯಂ ಸಯನೈಡ್ ಕರಗಿಸಿದ ನೀರನ್ನು ಮುಳುಗುಗಾರನು ಹವಳದ ಪೊಟರೆಗೆ ಚಿಮ್ಮಿಸುತ್ತಾನೆ. ಅಡಗಿದ ಮೀನು ಮಂಪರಾಗಿ ಕೈಗೆ ಸಿಗುತ್ತದೆ. ಆದರೆ ಸುತ್ತಲಿನ ಸಣ್ಣ ಮೀನುಗಳೂ ಹವಳದ ಜೀವಿಗಳೂ ಸಾಯುತ್ತವೆ. ಮೀನು ಹೊರತೆಗೆಯಲು ಹವಳವನ್ನು ಒಡೆಯುವುದೂ ಉಂಟು. ದೋಣಿಯ ಮೇಲಿನ ಕಂಪ್ರೆಸರ್‌ನಿಂದ ಕೊಳವೆಯ ಮೂಲಕ ಉಸಿರಾಡುತ್ತ ಆಳಕ್ಕಿಳಿಯುವ ಬಡ ಯುವಕರು, ಬೇಗನೆ ಮೇಲೆದ್ದ ಪರಿಣಾಮವಾಗಿ ಅಂಗ ಸ್ವಾಧೀನ ಕಳೆದುಕೊಂಡು ಉಳಿಯುತ್ತಾರೆ. ಔತಣದ ತಟ್ಟೆಯಲ್ಲಿ ಇದಾವುದೂ ಕಾಣುವುದಿಲ್ಲ.

ಮಲೆನಾಡಿಗೆ ಇದು ಅಪರಿಚಿತ ಕಥೆಯಲ್ಲ. ಹೊಳೆಯ ಗುಂಡಿಗೆ ತೋಟೆ ಸಿಡಿಸುವವರು, ಮೈಲುತುತ್ತು, ಬ್ಲೀಚಿಂಗ್ ಪುಡಿ ಕದಡುವವರು ಇಲ್ಲಿಯೂ ಇದ್ದಾರೆ. ಘಟ್ಟದ ಬುಡದ ಶಿಶಿಲದಲ್ಲಿ, ಕಪಿಲಾ ನದಿಯ ದೇವರ ಮೀನುಗಳಿಗೆ 1996ರಲ್ಲಿ ದುಷ್ಕರ್ಮಿಗಳು ವಿಷವಿಕ್ಕಿದಾಗ ಸಾವಿರಾರು ಮೀನುಗಳು ಸತ್ತು ತೇಲಿದವು. ನೂರಾರು ವರ್ಷಗಳ ಶ್ರದ್ಧೆ ಕಾಪಾಡಿದ್ದನ್ನು ಕೆಲವು ಗಂಟೆಗಳು ಕೆಡಿಸಬಲ್ಲವು.

ವಿಷಕ್ಕಿಂತಲೂ ದೊಡ್ಡ ಅಪಾಯ ಮತ್ತೊಂದಿದೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನನ್ನು ಮಲೆನಾಡಿನ ಮಕ್ಕಳೆಲ್ಲ ಬಲ್ಲರು. ಮೊಟ್ಟೆಯಿಡಲು ಬರುವ ಆ ಮೀನು ಅತಿ ಸುಲಭವಾಗಿ ಸಿಗುತ್ತದೆ. ಹೊಳೆಯ ಮೀನು ಕಡಿಮೆಯಾಗಲು ಅದೂ ಒಂದು ಕಾರಣ. ಗ್ರೂಪರ್‌ಗಳಲ್ಲಿಯೂ ಅನೇಕ ಜಾತಿಗಳು ವರ್ಷದ ಕೆಲವೇ ತಿಂಗಳು, ಚಂದ್ರನ ಗತಿಗೆ ಅನುಸಾರವಾಗಿ, ದಿಬ್ಬದ ನಿರ್ದಿಷ್ಟ ಜಾಗಗಳಲ್ಲಿ ನೂರಾರು, ಸಾವಿರಾರು ಸಂಖ್ಯೆಯಲ್ಲಿ ನೆರೆಯುತ್ತವೆ. ವಿಸ್ತಾರ ಪ್ರದೇಶದ ಮೀನೆಲ್ಲ ಒಂದೆಡೆ ಕೂಡಿದಾಗ ವರ್ತಕರ ಹಡಗು ಅಲ್ಲಿಗೆ ಬಂದರೆ, ಕೆಲವೇ ಋತುಗಳಲ್ಲಿ ಆ ಸಂತೆಯೇ ಅಳಿಯುತ್ತದೆ. ಅಳಿದ ಸಂತೆ ಮತ್ತೆ ನೆರೆಯುವುದು ಬಲು ಅಪರೂಪ.

ಹಾಗಾದರೆ ಕಾನೂನುಗಳು ಇಲ್ಲವೇ? ಇವೆ. 2004ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸೈಟೀಸ್ ಒಪ್ಪಂದದ ಸಭೆ ನೆಪೋಲಿಯನ್ ರ‍್ಯಾಸ್ ಮೀನನ್ನು ಎರಡನೆಯ ಅನುಬಂಧಕ್ಕೆ ಸೇರಿಸಿತು. ಅಂದಿನಿಂದ ಪರವಾನಗಿಯಿಲ್ಲದೆ ಅದರ ಅಂತರರಾಷ್ಟ್ರೀಯ ಮಾರಾಟ ಸಲ್ಲದು. ಸಯನೈಡ್ ಮೀನುಗಾರಿಕೆಯನ್ನು ಫಿಲಿಪ್ಪೀನ್ಸ್ 1975ರ ಕಾನೂನಿನಲ್ಲಿಯೇ ನಿಷೇಧಿಸಿತ್ತು, 1998ರ ಮೀನುಗಾರಿಕಾ ಸಂಹಿತೆಯಲ್ಲಿ ಪುನರುಚ್ಚರಿಸಿತು. ಆದರೂ ಪರವಾನಗಿ ಪಡೆದು ಆಮದಾದ ಸಂಖ್ಯೆಗಿಂತ ಹೆಚ್ಚು ನೆಪೋಲಿಯನ್ ರ‍್ಯಾಸ್‌ಗಳು ಹಾಂಗ್‌ಕಾಂಗ್‌ನ ಅಂಗಡಿಗಳಲ್ಲಿ ಕಂಡುಬಂದುದನ್ನು ಸಂಶೋಧಕರು ದಾಖಲಿಸಿದ್ದಾರೆ. ವಿಮಾನದಲ್ಲಿ ಬಂದ ಮೀನಿಗೆ ಲೆಕ್ಕವಿತ್ತು. ಹಾಂಗ್‌ಕಾಂಗ್‌ನಲ್ಲಿ ನೋಂದಣಿಯಾದ ಮೀನುಗಾರಿಕಾ ಹಡಗು ತಂದ ಜೀವಂತ ಮೀನಿಗೆ ದೀರ್ಘಕಾಲ ಆಮದು ಘೋಷಣೆಯಿಂದ ವಿನಾಯಿತಿ ಇತ್ತು. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಬಟ್ಟಬಯಲು.

ಅಲ್ಲಿಯೇ ಒಂದು ಆಶಾದಾಯಕ ಪ್ರಯತ್ನವೂ ನಡೆದಿದೆ. ಮನುಷ್ಯನ ಬೆರಳಚ್ಚಿನಂತೆ ನೆಪೋಲಿಯನ್ ರ‍್ಯಾಸ್‌ನ ಮುಖದ ಗೆರೆಗಳು ಒಂದೊಂದು ಮೀನಿಗೂ ಬೇರೆ ಬೇರೆ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ವಿಜ್ಞಾನಿ ಇವಾನ್ ಸಾಡೊವಿ ಮತ್ತು ಸಂಗಡಿಗರು ಆ ಗೆರೆಗಳನ್ನು ಫೋಟೋದಿಂದ ಗುರುತಿಸುವ ವ್ಯವಸ್ಥೆ ರೂಪಿಸಿದ್ದಾರೆ. ಒಂದು ಪರವಾನಗಿಯ ಹೆಸರಿನಲ್ಲಿ ಹತ್ತು ಮೀನು ಮಾರುವ ಚಾಳಿಗೆ ಇದು ಕಡಿವಾಣವಾಗಬಲ್ಲದು.

ಸಂಪೂರ್ಣ ನಿಷೇಧವೇ ಮದ್ದೆಂದು ಹೇಳುವವರಿದ್ದಾರೆ. ಆ ಮಾತು ಸುಲಭ, ಆದರೆ ಅಪೂರ್ಣ. ಮೀನುಗಾರನು ವರ್ತಕನಿಂದ ದೋಣಿಗೂ ಎಂಜಿನ್ನಿಗೂ ಸಾಲ ಪಡೆದಿರುತ್ತಾನೆ. ಸಾಲ ತೀರಬೇಕಾದರೆ ವರ್ತಕ ಕೇಳಿದ ಮೀನನ್ನೇ ಕೊಡಬೇಕು. ಸಾಲದ ಕುಣಿಕೆ ಬಿಚ್ಚದೆ ಹೊರಡಿಸಿದ ನಿಷೇಧ ವ್ಯಾಪಾರವನ್ನು ರಾತ್ರಿಗೆ ದೂಡುವುದೇ ಹೊರತು ನಿಲ್ಲಿಸದು. ಸಾಕಣೆಯೇ ಪರಿಹಾರವೆಂಬ ಮಾತನ್ನೂ ತೂಗಿ ನೋಡಬೇಕು. ಮೊಟ್ಟೆಯಿಂದಲೇ ಮರಿ ಮಾಡಿ ಬೆಳೆಸುವುದು ಕೆಲವು ಗ್ರೂಪರ್ ಜಾತಿಗಳಲ್ಲಿ ಸಾಧ್ಯವಾಗಿದೆ. ಆದರೆ ಸಾಕಿದ್ದೆಂದು ಮಾರುವ ಮೀನುಗಳಲ್ಲಿ ಎಷ್ಟೋ, ಕಡಲಿನಿಂದ ಹಿಡಿದ ಮರಿಗಳನ್ನು ಪಂಜರದಲ್ಲಿ ಕೊಬ್ಬಿಸಿದಂಥವು. ಅವುಗಳಿಗೆ ಹಾಕುವ ಆಹಾರವೂ ಕಡಲಿನ ಸಣ್ಣ ಮೀನೇ.

ಕೆಲಸ ಮಾಡಿರುವ ಮಾರ್ಗಗಳು ಎರಡು. ಶಾಂತಸಾಗರದ ಪಲಾವು ದ್ವೀಪದಲ್ಲಿ, ಮೀನು ವಿರಳವಾದ ಜಾಗವನ್ನು ಕೆಲಕಾಲ ಮುಚ್ಚುವ 'ಬುಲ್' ಎಂಬ ಕಟ್ಟಳೆ ಊರಿನ ಮುಖಂಡರ ಕೈಯಲ್ಲಿ ಹಿಂದಿನಿಂದಲೂ ಇತ್ತು. 1994ರ ಕಾನೂನು ಆ ವಿವೇಕವನ್ನೇ ಅನುಸರಿಸಿ, ಗ್ರೂಪರ್‌ಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ಅವನ್ನು ಹಿಡಿಯುವುದನ್ನು, ಮಾರುವುದನ್ನು ತಡೆಯಿತು. ನೆಪೋಲಿಯನ್ ರ‍್ಯಾಸ್‌ನ ರಫ್ತನ್ನೂ ನಿಲ್ಲಿಸಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯ 2004ರಲ್ಲಿ ದಿಬ್ಬದ ಮೀನುಗಳಿಗೆ ಹಿಡುವಳಿಯ ಮಿತಿ ಗೊತ್ತುಪಡಿಸಿತು. ಅದೇ ವರ್ಷ ಗ್ರೇಟ್ ಬ್ಯಾರಿಯರ್ ರೀಫ್ ಸಾಗರ ಉದ್ಯಾನದ ಸುಮಾರು ಮೂರನೆಯ ಒಂದು ಭಾಗ ಮೀನುಗಾರಿಕೆಗೆ ಮುಚ್ಚಿತು. ಅಲ್ಲಿಂದ ಜೀವಂತ ಕೋರಲ್ ಟ್ರೌಟ್ ರಫ್ತು ನಿಲ್ಲಲಿಲ್ಲ, ಅಳತೆಗೆ ಒಳಪಟ್ಟಿತು. ಒಂದೆಡೆ ಊರಿನ ಕಟ್ಟಳೆ, ಮತ್ತೊಂದೆಡೆ ಸರಕಾರದ ಲೆಕ್ಕ. ಎರಡೂ ಸೇರಿದಲ್ಲಿ ಮಾತ್ರ ಮೀನೂ ಉಳಿಯುತ್ತದೆ, ಮೀನುಗಾರನೂ ಉಳಿಯುತ್ತಾನೆ.

ಭಾರತಕ್ಕೂ ಇದರಲ್ಲಿ ಎಚ್ಚರಿಕೆಯಿದೆ. ಲಕ್ಷದ್ವೀಪದವರು ದಶಕಗಳಿಂದ ಗಾಳದ ಕೋಲಿನಲ್ಲಿ ಟ್ಯೂನ ಹಿಡಿಯುತ್ತ ಬಂದುದರಿಂದ ಅಲ್ಲಿನ ದಿಬ್ಬದ ಮೀನುಗಳ ಮೇಲೆ ಒತ್ತಡ ಕಡಿಮೆಯಿತ್ತು. ಬಿತ್ರಾ ದ್ವೀಪದ ಬಳಿ ಗ್ರೂಪರ್‌ಗಳ ಅಪರೂಪದ ಸಂತೆಯೊಂದನ್ನು ಸಂಶೋಧಕರು ಗುರುತಿಸಿದ್ದಾರೆ. 1998, 2010 ಮತ್ತು 2016ರಲ್ಲಿ ಕಡಲು ಕಾದು ಹವಳ ಬಿಳಚಿದ ಪೆಟ್ಟಿನಿಂದ ಆ ದಿಬ್ಬಗಳು ಇನ್ನೂ ಸುಧಾರಿಸಿಕೊಳ್ಳಬೇಕಾಗಿದೆ. ರಫ್ತಿನ ಬೆಲೆ ಅಲ್ಲಿಗೆ ತಲುಪಿದ ಮೇಲೆ ಕಾನೂನು ಹುಡುಕುವುದು ಕೊಟ್ಟಿಗೆ ಖಾಲಿಯಾದ ಮೇಲೆ ಅಗಳಿ ಹಾಕಿದಂತೆ. ಸಂತೆಯ ಜಾಗಗಳನ್ನು, ಸಂತೆಯ ತಿಂಗಳುಗಳನ್ನು ದ್ವೀಪದ ಜನರ ಸಮ್ಮತಿಯೊಡನೆ ಈಗಲೇ ಮುಚ್ಚಬೇಕು. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವಿರುವ ಕರ್ನಾಟಕವೂ ಈ ಮಾತನ್ನು ತನ್ನದೆಂದೇ ಭಾವಿಸಬೇಕು.

ಕಡಲಿನಲ್ಲಿ ಜೂನ್, ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆಗೆ ರಜೆ ಸಾರುವ ರಾಜ್ಯದಲ್ಲಿ, ಅದೇ ಮಳೆಗೆ ಗದ್ದೆಗೆ ಏರುವ ಹತ್ತುಮೀನಿಗೂ ರಜೆ ಸಿಗಬೇಕು. ದೂರದ ದಿಬ್ಬಕ್ಕಾಗಿ ಮರುಗುವ ಊರು ತನ್ನ ಹಳ್ಳದ ಬದುವಿನಲ್ಲಿ ಕೂಣಿ ಒಡ್ಡುವುದನ್ನು ಮೊದಲ ಮಳೆಯ ಒಂದೆರಡು ವಾರವಾದರೂ ನಿಲ್ಲಿಸಲಿ. ಮೊಟ್ಟೆಯಿಡಲು ಬಂದ ಜೀವಕ್ಕೆ ದಾರಿ ಬಿಡಬೇಕೆಂಬ ಕಟ್ಟಳೆಗೆ ಹಾಂಗ್‌ಕಾಂಗ್‌ನ ಅನುಮತಿ ಬೇಕಿಲ್ಲ. ಗ್ರಾಮಸಭೆಯ ಒಂದು ನಿರ್ಣಯ ಸಾಕು.