ತಾಯಿಯ ಉದ್ಯೋಗ

ಪ್ರತಿ ವರ್ಷವೂ ಕಾಲೇಜಿನ ಬಾಗಿಲು ತೆರೆದೊಡನೆ ನಾವು ತುಂಬಿಕೊಡಬೇಕಾದ ಅರ್ಜಿಯೊಂದುಂಟು. ತಂದೆಯ ಹೆಸರು, ತಂದೆಯ ಉದ್ಯೋಗ, ವರಮಾನ, ತಾಯಿಯ ಹೆಸರು, ತಾಯಿಯ ಉದ್ಯೋಗ ಎಂಬ ಅಂಕಣಗಳು ಅದರಲ್ಲಿ ಸಾಲಾಗಿ ನಿಂತಿರುತ್ತವೆ. ಮೊದಲ ಎರಡು ವರ್ಷವೂ ನಾನು ತಾಯಿಯ ಉದ್ಯೋಗದ ಎದುರಿಗೆ ‘ಇಲ್ಲ’ ಎಂದು ಬರೆದೆ. ಬರೆಯಲು ಅರೆಗಳಿಗೆಯೂ ಹಿಡಿಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಗೆಳೆಯನೂ ಹಾಗೆಯೇ ಬರೆದ. ನಮಗಿಂತ ಇಂಗ್ಲಿಷು ಬಲ್ಲ ಮತ್ತೊಬ್ಬ ‘ಹೌಸ್‌ವೈಫ್’ ಎಂದು ಬರೆದ. ಅದೂ ಅದೇ ಮಾತು. ‘ಇಲ್ಲ’ ಎಂಬುದಕ್ಕೆ ಕೋಟು ತೊಡಿಸಿದಂತೆ. ಈ ಒಂದು ಪದವನ್ನು ಕುರಿತು ನನಗೀಗ ಹುಟ್ಟಿರುವ ತಕರಾರನ್ನು ವಾಚಕರ ಮುಂದಿಡಬೇಕೆಂದೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮದು ಬಿಡದಿ. ಹೆಸರು ಹೇಳಿದೊಡನೆ ಕೇಳಿದವರ ಬಾಯಲ್ಲಿ ನೀರೂರುವುದುಂಟು. ತಟ್ಟೆ ಇಡ್ಲಿಯ ಖ್ಯಾತಿ ಅಂಥದು. 1999ರಲ್ಲಿ ಮೋಟಾರು ಕಾರಿನ ದೊಡ್ಡ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ ಊರಿನ ರೂಪವೇ ಬದಲಾಯಿತೆಂದು ಹಿರಿಯರು ಹೇಳುತ್ತಾರೆ. ಆದರೂ ನಮ್ಮ ಬೀದಿಯ ಮನೆಗಳಿಗೆ ಇನ್ನೂ ಹಿತ್ತಿಲುಂಟು, ಹಿತ್ತಿಲಲ್ಲಿ ಒಗೆಯುವ ಕಲ್ಲುಂಟು. ಮನೆಯಲ್ಲಿ ಅಪ್ಪ, ಅವ್ವ, ನಾನು, ತಂಗಿ, ಒಂದು ಸೀಮೆ ಹಸು, ಎರಡು ನಾಯಿ. ನಾಯಿಗಳ ಪೈಕಿ ಕರಿಯ ಹಳಬ. ಬೆಳ್ಳಿ ಒಂದು ಮಳೆಗಾಲದ ರಾತ್ರಿ ತಾನಾಗಿ ಬಂದು ಜಗಲಿ ಸೇರಿದ್ದು. ಇವು ಯಾವ ಜಾತಿಯ ನಾಯಿಗಳೆಂದು ಬಂದವರು ಕೇಳಿದರೆ ಅವ್ವ, “ನಮ್ ಮನೆ ಜಾತೀವೇ” ಎನ್ನುತ್ತಾಳೆ.

ಅವ್ವನಿಗೆ ಹೆಣಿಗೆ ಬರುತ್ತದೆ. ಶಾಲೆಯಲ್ಲಿದ್ದಾಗ ಹೊಲಿಗೆ ಮೇಡಂ ಕಲಿಸಿದ್ದಂತೆ. ಉಲ್ಟಾ ಸೀದಾ ಎಂದು ತುಟಿಯೊಳಗೇ ಹೇಳಿಕೊಳ್ಳುತ್ತ, ಕಡ್ಡಿಗಳ ಕಡೆ ನೋಡದೆಯೇ ಹೆಣೆಯುತ್ತಾಳೆ. ಸಾರು ಕುದಿಯುವಷ್ಟು ಹೊತ್ತಿಗೆ ಎರಡು ಸಾಲು, ಕರೆಂಟು ಹೋದರೆ ನಾಲ್ಕು ಸಾಲು. ನಮ್ಮ ಮನೆಯಲ್ಲಿ ಉಣ್ಣೆಯ ದಾರಕ್ಕೆ ಸಾವಿಲ್ಲ. ನನ್ನ ಹೈಸ್ಕೂಲಿನ ಸ್ವೆಟರನ್ನು ಬಿಚ್ಚಿ, ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಸುಕ್ಕು ಹೋಗಲೆಂದು ನೀರಿನಲ್ಲಿ ಅದ್ದಿ, ತುದಿಗೆ ಒಂದು ಚೊಂಬು ಕಟ್ಟಿ ನೇತುಹಾಕಿದರೆ ಆ ದಾರ ಮತ್ತೆ ಹೊಸತು. ಅದರಿಂದ ತಂಗಿಗೆ ಒಂದು ಸ್ವೆಟರಾಯಿತು; ಉಳಿದದ್ದರಲ್ಲಿ ಕರಿಯನಿಗೆ ಒಂದು ಅಂಗಿಯಾಯಿತು. ಮುದಿನಾಯಿಗೆ ಮಾರ್ಗಶಿರದ ಚಳಿ ತಡೆಯುವುದಿಲ್ಲ. ಅದನ್ನು ತೊಟ್ಟುಕೊಂಡು ಕರಿಯ ಬೀದಿಯಲ್ಲಿ ನಡೆಯುವ ಗತ್ತನ್ನು ನೋಡಬೇಕು. ಹಳೆಯ ಕಾಲದ ಪಟೇಲರು ಕಂದಾಯ ಎತ್ತಲು ಹೊರಟಂತೆ.

ಇವೆಲ್ಲ ನಾನು ಹುಟ್ಟಿದಾಗಿನಿಂದ ನೋಡಿದ್ದೇ. ಗಾಳಿ ಬೀಸುವುದನ್ನು ಯಾರು ಲೆಕ್ಕವಿಡುತ್ತಾರೆ?

ನಾನು ಎರಡನೆಯ ವರ್ಷದಲ್ಲಿದ್ದಾಗ, ಕಾರ್ತೀಕ ಮಾಸದಲ್ಲಿ, ಅವ್ವ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಬ್ಯಾಂಡೇಜು ಬಿಚ್ಚುವಂತಿಲ್ಲವೆಂದು ಡಾಕ್ಟರು ಹೇಳಿದರು. ಅಪ್ಪನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ತಂಗಿಗೆ ಎಸ್.ಎಸ್.ಎಲ್.ಸಿ. ಉಳಿದವನು ನಾನು. ಅಡುಗೆ ತಾನೆ, ಅದೇನು ಬ್ರಹ್ಮವಿದ್ಯೆ ಎಂದುಕೊಂಡೆ.

ಮೊದಲ ಸಂಜೆಯೇ ರಾಗಿ ಹಿಟ್ಟು ನನ್ನ ಗರ್ವವನ್ನು ಇಳಿಸಿತು. ಎಸರು ಕುದಿಯುವ ಮೊದಲು ಒಂದು ಚಿಟಿಕೆ ಹಿಟ್ಟನ್ನು ನೀರಿನಲ್ಲಿ ಕದಡಬೇಕು. ಕುದಿ ಬಂದ ಮೇಲೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ಸುರಿದೊಡನೆ ಕೈ ಹಾಕಬಾರದು, ಬೇಯಲು ಬಿಡಬೇಕು. ಆಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕಾಲಿನಲ್ಲಿ ಭದ್ರವಾಗಿ ಹಿಡಿದು, ಕೋಲಿನಿಂದ ಉಸಿರು ಬಿಗಿಹಿಡಿದು ತಿರುವಬೇಕು. ನಾನು ಸುರಿದೊಡನೆ ತಿರುವಿದೆ. ಮುದ್ದೆಯ ತುಂಬ ಗಂಟು. ಅಪ್ಪ ಮಾತನಾಡದೆ ನುಂಗಿದ. ತಂಗಿ ಗಂಟುಗಳನ್ನು ಆರಿಸಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಳು, ನನಗೆ ಕಾಣಲೆಂದೇ. ಬೆಳ್ಳಿ ಮೂಸಿ ನೋಡಿ, ತಲೆಯೆತ್ತಿ ಅವ್ವನ ಮುಖ ನೋಡಿತು.

ಗಂಟು ಒಂದು ವಾರದಲ್ಲಿ ಸರಿಹೋಯಿತು. ಸರಿಹೋಗದೆ ಉಳಿದದ್ದು ಬೇರೆ. ಕೈಯ ಕೆಲಸಕ್ಕಿಂತ ತಲೆಯ ಕೆಲಸ ಹೆಚ್ಚೆಂಬುದು ನನಗೆ ಗೊತ್ತೇ ಇರಲಿಲ್ಲ. ನಾಳೆ ಬೆಳಗ್ಗೆ ಇಡ್ಲಿಯಾಗಬೇಕಾದರೆ ಈ ದಿನ ಮಧ್ಯಾಹ್ನಕ್ಕೆ ಮುಂಚೆ ಅಕ್ಕಿ ಉದ್ದು ನೆನೆಯಬೇಕು. ಚಳಿಯ ದಿನ ಹಿಟ್ಟು ಹುಳಿ ಬರುವುದಿಲ್ಲ, ಪಾತ್ರೆಯನ್ನು ಒಲೆಯ ಪಕ್ಕ ಬೆಚ್ಚಗೆ ಇಡಬೇಕು. ಬಸ್ಸಾರಿಗೆ ಸೊಪ್ಪು ಬಸಿದ ಕಟ್ಟನ್ನು ಚೆಲ್ಲಬಾರದು. ನಾನು ಚೆಲ್ಲಿದೆ, ಬಸ್ಸಾರು ಎಂಬ ಹೆಸರೇ ಆ ಕಟ್ಟಿನಿಂದ ಬಂದದ್ದೆಂದು ಆಗ ತಿಳಿಯಿತು. ಬೇಯಿಸಿದ ಕೋಳಿಮೂಳೆಯನ್ನು ನಾಯಿಗೆ ಹಾಕಬಾರದು, ಸೀಳಿ ಗಂಟಲಿಗೆ ಚುಚ್ಚುತ್ತದೆ. ಕರಿಯನಿಗೆ ಹಲ್ಲಿಲ್ಲ, ಅವನ ಹಿಟ್ಟನ್ನು ಮಜ್ಜಿಗೆಯಲ್ಲಿ ಕಿವುಚಬೇಕು. ಹುಚ್ಚುನಾಯಿ ರೋಗದ ಚುಚ್ಚುಮದ್ದು ವರ್ಷಕ್ಕೊಮ್ಮೆ, ಗೌರಿಹಬ್ಬ ಕಳೆದ ಮೇಲೆ. ಇದಾವುದೂ ಎಲ್ಲಿಯೂ ಬರೆದಿಟ್ಟದ್ದಲ್ಲ. ಎಲ್ಲವೂ ಒಬ್ಬಳ ತಲೆಯಲ್ಲಿತ್ತು. ಜಗಲಿಯ ಮೇಲೆ ಕೈ ಕಟ್ಟಿಕೊಂಡು ಕುಳಿತು ಅವಳು ಹೇಳುತ್ತಿದ್ದಳು, ಒಳಗಿಂದ ನಾನು ಕೂಗಿ ಕೇಳುತ್ತಿದ್ದೆ.

ಹೆಣಿಗೆಯಲ್ಲಿ ಮಾತ್ರ ನನ್ನಿಂದ ಏನೂ ಆಗಲಿಲ್ಲ. ಅಪ್ಪನ ರಾತ್ರಿಪಾಳಿಗೆಂದು ಹೆಣೆಯುತ್ತಿದ್ದ ಸ್ವೆಟರು ಬಲತೋಳಿನ ಮೊಣಕೈವರೆಗೆ ಬಂದು, ಕಡ್ಡಿಗಳ ಮೇಲೆ ಹಾಗೆಯೇ ನಿಂತಿತ್ತು. ಆ ವರ್ಷ ಡಿಸೆಂಬರಿನಲ್ಲಿ ಅಪ್ಪ ಶಾಲು ಹೊದ್ದು ಕೆಲಸಕ್ಕೆ ಹೋದ.

ಒಂದು ದಿನ ಗಡಿಯಾರ ಇಟ್ಟುಕೊಂಡು ಬರೆದು ನೋಡಿದೆ. ಅಡುಗೆ, ಪಾತ್ರೆ, ಗುಡಿಸುವುದು, ಒಗೆಯುವುದು, ಹಸು, ನಾಯಿ ಎಲ್ಲ ಸೇರಿ ಆರು ಗಂಟೆ ನಲವತ್ತು ನಿಮಿಷವಾಯಿತು. ಇದು ಹೆಣಿಗೆಯನ್ನು ಬಿಟ್ಟು. ನನ್ನ ಅವಸರದ ಕೆಲಸದ ಲೆಕ್ಕ, ಅವ್ವನ ಅಚ್ಚುಕಟ್ಟಿನದಲ್ಲ. ಆ ಆರು ವಾರದಲ್ಲಿ ಬೆಳಗಿನ ರೈಲು ಎಷ್ಟು ಸಲ ತಪ್ಪಿತೆಂಬುದನ್ನು ನಮ್ಮ ಹಾಜರಿ ಪುಸ್ತಕ ಬಲ್ಲದು.

ನಮ್ಮ ಮನೆಯ ಲೆಕ್ಕ ವಿಶೇಷದ್ದೇನೂ ಅಲ್ಲ. 2019ರಲ್ಲಿ ಕೇಂದ್ರ ಸರಕಾರದವರು ಜನರು ಹೊತ್ತು ಕಳೆಯುವ ಬಗೆಯನ್ನು ಕುರಿತು ದೇಶದಲ್ಲೆಲ್ಲ ಸಮೀಕ್ಷೆ ನಡೆಸಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಗಂಡಸರು 97 ನಿಮಿಷ. ಅದೂ ಕೈಹಾಕಿದ ಗಂಡಸರ ಮಾತು. ನೂರರಲ್ಲಿ ಸುಮಾರು 26 ಮಂದಿ. ಉಳಿದ 74 ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆ.

ಅರ್ಥಶಾಸ್ತ್ರದ ತರಗತಿಯಲ್ಲಿ ನಮಗೆ ಪಿಗೂ ಎಂಬ ಆಂಗ್ಲ ವಿದ್ವಾಂಸನ ಮಾತೊಂದನ್ನು ಹೇಳುತ್ತಾರೆ. ಯಜಮಾನನೊಬ್ಬನು ತನ್ನ ಮನೆಯ ಸಂಬಳದ ಕೆಲಸದವಳನ್ನೇ ಮದುವೆಯಾದರೆ, ಕೆಲಸ ಅದೇ ಇದ್ದರೂ, ರಾಷ್ಟ್ರದ ವರಮಾನ ಅಷ್ಟು ಇಳಿಯುತ್ತದೆ ಎಂದು ಆತ ಸುಮಾರು ನೂರು ವರ್ಷದ ಹಿಂದೆ ಬರೆದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಬಿಡದಿಯವನಿಗೆ ಇದು ನಗುವ ಮಾತಲ್ಲವೆಂದು ಆಮೇಲೆ ತೋರಿತು. ಹೆದ್ದಾರಿಯ ಹೋಟೆಲಿನಲ್ಲಿ ಬೆಣ್ಣೆ ಹಾಕಿ ಕೊಟ್ಟ ತಟ್ಟೆ ಇಡ್ಲಿ ದೇಶದ ಉತ್ಪನ್ನಕ್ಕೆ ಸೇರುತ್ತದೆ. ಅದೇ ಇಡ್ಲಿಯನ್ನು ಅವ್ವ ಬೇಯಿಸಿದರೆ ಅಕ್ಕಿ ಉದ್ದು ಸೇರುತ್ತವೆ, ಅವ್ವ ಸೇರುವುದಿಲ್ಲ. ಇನ್ನೂ ಒಂದು ವಿಚಿತ್ರವುಂಟು. ವಿಶ್ವಸಂಸ್ಥೆಯ ಲೆಕ್ಕದ ಪದ್ಧತಿಯಂತೆ, ಮನೆಯ ಬಳಕೆಗೇ ಆದರೂ ಬಟ್ಟೆಬರೆಯಂಥ ವಸ್ತುವನ್ನು ತಯಾರಿಸುವುದು ತತ್ತ್ವತಃ ಉತ್ಪಾದನೆ. ಮನೆಯವರಿಗೆ ಅಡುಗೆ ಮಾಡುವುದು ಅಲ್ಲ. ಎಂದರೆ ಅವ್ವ ಸಾರಿನ ಮೇಲೆ ಒಂದು ಕಣ್ಣಿಟ್ಟು ಹೆಣೆಯುತ್ತಿದ್ದರೆ, ಕೈ ದುಡಿಯುತ್ತಿದೆ, ಕಣ್ಣು ಸುಮ್ಮನಿದೆ!

ಜನಗಣತಿಯ ನ್ಯಾಯವೂ ಹೀಗೆಯೇ. 2001ರಲ್ಲಿಯೂ 2011ರಲ್ಲಿಯೂ ಮನೆಬಳಕೆಗಾಗಿ ಹಾಲು ಉತ್ಪಾದಿಸುವವರನ್ನು ಕೆಲಸಗಾರರೆಂದೇ ಎಣಿಸಿದರು. ಆ ಹಾಲನ್ನು ಕಾಯಿಸಿ ಹೆಪ್ಪು ಹಾಕುವವಳು ಕೆಲಸಗಾರಳಲ್ಲ. ಮಾಗಡಿ ಕಡೆ ನನ್ನ ಸೋದರತ್ತೆಯ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಆಕೆ ಹೊತ್ತುಹೊತ್ತಿಗೆ ಹುಳುವಿಗೆ ಸೊಪ್ಪು ಹಾಕಿದರೆ ಅದು ಕೆಲಸ, ಮಕ್ಕಳಿಗೆ ಅನ್ನ ಹಾಕಿದರೆ ಕೆಲಸವಲ್ಲ. 2011ರ ಗಣತಿಯಲ್ಲಿ ಮನೆಗೆಲಸದವರಿಗೂ ಭಿಕ್ಷುಕರಿಗೂ ಸಂಖ್ಯೆ ಬೇರೆಬೇರೆಯಾದರೂ ಪಟ್ಟಿ ಒಂದೇ, ಕೆಲಸ ಮಾಡದವರ ಪಟ್ಟಿ. ಹಿಂದಿನ ಗಣತಿಯ ಇಂಥ ವರ್ಗೀಕರಣವನ್ನು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಕಟುವಾಗಿ ಟೀಕಿಸಿತು. 2021ರಲ್ಲಿ ಮತ್ತೊಂದು ಮೊಕದ್ದಮೆಯಲ್ಲಿ, ಮೇಲೆ ಹೇಳಿದ 299 ನಿಮಿಷದ ಲೆಕ್ಕವನ್ನೇ ಎತ್ತಿ, ಗೃಹಿಣಿಯ ದುಡಿಮೆಗೆ ವರಮಾನವನ್ನು ಕಲ್ಪಿಸಬೇಕೆಂದು ಹೇಳಿತು. ಸಂತೋಷ. ಆದರೆ ಎರಡೂ ರಸ್ತೆ ಅಪಘಾತದ ಪರಿಹಾರದ ಮೊಕದ್ದಮೆಗಳು. ದುಡಿಯುತ್ತಿದ್ದಳೆಂದು ನಾವು ಒಪ್ಪಬೇಕಾದರೆ ಆಕೆ ಮೊದಲು ರಸ್ತೆಯಲ್ಲಿ ಸಾಯಬೇಕಾಯಿತು.

ತಾಯಿಯ ಕೈತುತ್ತಿಗೆ ಬೆಲೆ ಕಟ್ಟುವುದು ನಮ್ಮ ಸಂಸ್ಕೃತಿಯಲ್ಲ, ಅದು ಪ್ರೀತಿಯಿಂದ ಮಾಡುವ ಸೇವೆ ಎಂದು ಚರ್ಚಾಕೂಟದಲ್ಲಿ ಮಿತ್ರನೊಬ್ಬ ವಾದಿಸಿದ. ಚಪ್ಪಾಳೆಯೂ ಬಿತ್ತು. ನಾನು ಬೆಲೆ ಕಟ್ಟೆಂದು ಹೇಳುತ್ತಿಲ್ಲವಲ್ಲ. ‘ಇಲ್ಲ’ ಎಂದು ಬರೆಯಬೇಡವೆಂದು ಹೇಳುತ್ತಿದ್ದೇನೆ. ಪ್ರೀತಿಯಿಂದ ಮಾಡಿದ್ದು ಕೆಲಸವಲ್ಲವೆಂದರೆ, ಪ್ರೀತಿಯಿಂದ ಪಾಠ ಹೇಳುವ ಉಪಾಧ್ಯಾಯರ ಗತಿಯೇನು? 2023ರ ಆಗಸ್ಟಿನಲ್ಲಿ ನಮ್ಮ ರಾಜ್ಯದಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಕೊಡುವ ಯೋಜನೆ ಆರಂಭವಾಯಿತು. ಅದು ಕೂತು ತಿನ್ನುವ ದುಡ್ಡೆಂದು ಹೋಟೆಲಿನ ಕಟ್ಟೆಯಲ್ಲಿ ಕುಳಿತವರೇ ಹೇಳುತ್ತಿದ್ದರು. ಅವ್ವ ಯಾವಾಗ ಕೂತಳು? ಕೈ ಮುರಿದ ಆರು ವಾರ ಕೂತಳು, ಅದೂ ನನಗೆ ಅಡುಗೆ ಹೇಳಿಕೊಡುತ್ತ.

ಅವ್ವನ ಕೈ ಕೂಡಿದ ಮೇಲೆ ನಮ್ಮ ಇತಿಹಾಸದ ತರಗತಿಯವರನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಆತಕೂರಿನ ಶಾಸನದ ಕಲ್ಲಿದೆ. ಆತಕೂರು ದೂರದ್ದಲ್ಲ, ಚನ್ನಪಟ್ಟಣ ದಾಟಿದರೆ ಸಿಕ್ಕುವ ಮದ್ದೂರು ತಾಲ್ಲೂಕಿನ ಊರು. ಶಾಸನದ ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ ಸಂದರ್ಭ. ಮನಲೇರನೆಂಬ ವೀರನ ಶೌರ್ಯಕ್ಕೆ ಮೆಚ್ಚಿ ಒಡೆಯನು, ಬೇಕಾದ್ದನ್ನು ಕೇಳು ಎಂದನಂತೆ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲೆಂದು ಕಟ್ಟು ಮಾಡಿದರು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಕಲ್ಲಿನ ಮೇಲೆ ಇದೆ.

ಸಾವಿರ ವರ್ಷದ ಹಿಂದೆ ಒಂದು ನಾಯಿಯ ಕೆಲಸವನ್ನು ಹೀಗೆ ನೆನೆದ ಜನ ನಮ್ಮವರೆಂದು ನನಗೆ ಹೆಮ್ಮೆಯಾಯಿತು. ಕರಿಯನ ನೆನಪೂ ಬಂತು, ನಗುವೂ ಬಂತು. ಆಮೇಲೆ ರೈಲಿನಲ್ಲಿ ಕುಳಿತಾಗ ಇನ್ನೊಂದು ಯೋಚನೆ ಬಂತು. ಮನಲೇರನ ಮನೆಯಲ್ಲಿ ಆ ಕಾಳಿಗೆ ದಿನವೂ ಹಿಟ್ಟು ಕಿವುಚಿ ಇಟ್ಟವರು ಯಾರು? ಅದರ ಮೈಯ ಉಣ್ಣೆ ಕಿತ್ತವರು ಯಾರು? ಕಲ್ಲು ಹೇಳುವುದಿಲ್ಲ. ಅರ್ಜಿಯೂ ಹೇಳುವುದಿಲ್ಲ.

ಇಷ್ಟೆಲ್ಲ ಬರೆದವನು ದೊಡ್ಡ ಸುಧಾರಕನೆಂದು ಯಾರೂ ಭಾವಿಸಬಾರದು. ಅವ್ವನ ಬ್ಯಾಂಡೇಜು ಬಿಚ್ಚಿದ ಎಂಟು ದಿನಕ್ಕೆ ನಾನು ಎಂದಿನಂತೆ ತಟ್ಟೆಯ ಮುಂದೆ ಕುಳಿತು, ಉಪ್ಪು ಕಡಿಮೆ ಎಂದೆ. ತಂಗಿ ನನ್ನ ಮುಖ ನೋಡಿದ ಬಗೆಗೆ ನಾಚಿಕೆಯಾಗಿ, ಸಂಜೆಯ ಹಿಟ್ಟು ತಿರುವುವುದನ್ನೂ ನಾಯಿಗಳ ತಟ್ಟೆಯನ್ನೂ ನನ್ನ ಪಾಲಿಗೆ ಇಟ್ಟುಕೊಂಡಿದ್ದೇನೆ. ಒಂದು ಗಂಟೆಯ ಕೆಲಸ. ಇನ್ನೂ ಐದು ಗಂಟೆ ನಲವತ್ತು ನಿಮಿಷ ಬಾಕಿ.

ಈ ವರ್ಷವೂ ಅರ್ಜಿ ಬಂತು. ತುಂಬಲು ಮನೆಗೆ ತಂದೆ. ತಾಯಿಯ ಉದ್ಯೋಗದ ಅಂಕಣ ಅರ್ಧ ಅಂಗುಲ ಅಗಲ. ಅವ್ವ ಜಗಲಿಯಲ್ಲಿ ಅಪ್ಪನ ಸ್ವೆಟರಿನ ಎಡತೋಳು ಹೆಣೆಯುತ್ತಿದ್ದಳು. ಕರಿಯ ಅವಳ ಪಾದದ ಮೇಲೆ ಗಲ್ಲವೂರಿ ಮಲಗಿತ್ತು.

“ಅವ್ವ, ನಿನ್ ಕೆಲ್ಸ ಏನಂತ ಬರೀಲಿ?” ಎಂದೆ.

“ತಡಿ, ಲೆಕ್ಕ ತಪ್ತದೆ” ಎಂದು ಕಡ್ಡಿಯ ಮೇಲಿನ ಕುಣಿಕೆಗಳನ್ನು ಕೊನೆಯವರೆಗೆ ಎಣಿಸಿ, ಆಮೇಲೆ ನನ್ನ ಕಡೆ ತಿರುಗಿದಳು. “ಏನಾರ ಬರ್ಕೊ ಕಣಪ್ಪ. ನಾಯಿಗಳ್ಗೆ ಇಕ್ಕಿದ್ಯಾ?”

ಇಕ್ಕಿರಲಿಲ್ಲ. ಅರ್ಜಿಯನ್ನು ಅಲ್ಲಿಯೇ ಬಿಟ್ಟು ಎದ್ದೆ.