ಮುಂದಿನವನ ಕಣ್ಣಿಗೆ ಕೊಂಡ ಕಾರು

ಕಾರು ಕೊಳ್ಳುವ ಮೊದಲೇ ಅದನ್ನು ಮಾರುವ ಮಾತು ಎತ್ತುವುದು ನಮ್ಮ ಮನೆಗಳ ಪದ್ಧತಿ. ಶೋರೂಮಿನಲ್ಲಿ ಇನ್ನೂ ಬಾಗಿಲು ತೆಗೆದು ಒಳಗೆ ಕೂತಿರುವುದಿಲ್ಲ, ಜೊತೆಗೆ ಬಂದ ಭಾವಮೈದುನ ಕೇಳಿಬಿಟ್ಟಿರುತ್ತಾನೆ: ‘ಇದಕ್ಕೆ ರೀಸೇಲ್ ಹೇಗಿದೆ?’ ಅಲ್ಲಿಂದಾಚೆಗೆ ಎಲ್ಲವೂ ಆ ಪ್ರಶ್ನೆಯ ಹಿಂದೆಯೇ ಹೋಗುತ್ತದೆ. ಹೆಂಡತಿಗೆ ಕೆಂಪು ಇಷ್ಟ, ಮಗಳಿಗೆ ನೀಲಿ. ಕೊನೆಗೆ ಮನೆಗೆ ಬರುವುದು ಬಿಳಿ. ಮನೆಯಲ್ಲಿ ಯಾರಿಗೂ ಬಿಳಿ ಇಷ್ಟವಿದ್ದದ್ದಲ್ಲ. ಏಳೆಂಟು ವರ್ಷದ ಮೇಲೆ ಅದನ್ನು ಕೊಳ್ಳಲು ಬರುವ, ಮುಖವನ್ನೇ ನೋಡದ ಯಾರೋ ಒಬ್ಬನಿಗೆ ಅದು ಇಷ್ಟವಾದೀತು ಎಂದು ಎಲ್ಲರೂ ಸೇರಿ ತೀರ್ಮಾನಿಸಿರುತ್ತಾರೆ.

ಅರ್ಥಶಾಸ್ತ್ರಜ್ಞ ಕೇನ್ಸ್ 1936ರ ತನ್ನ ಪುಸ್ತಕದಲ್ಲಿ ಷೇರುಪೇಟೆಯ ಬುದ್ಧಿಯನ್ನು ವಿವರಿಸಲು ಒಂದು ಪತ್ರಿಕಾ ಸ್ಪರ್ಧೆಯ ಮಾತು ತಂದ. ಪತ್ರಿಕೆ ನೂರು ಮುಖಗಳ ಚಿತ್ರ ಅಚ್ಚು ಹಾಕಿ, ಅತಿ ಚೆಲುವಾದ ಆರನ್ನು ಆರಿಸಿ ಎನ್ನುತ್ತದೆ. ಆದರೆ ಬಹುಮಾನ ಸಿಗುವುದು ಯಾರ ಆಯ್ಕೆ ಒಟ್ಟು ಓದುಗರ ಆಯ್ಕೆಗೆ ಹತ್ತಿರವಿದೆಯೋ ಅವರಿಗೆ. ಹಾಗಾದಾಗ ಜಾಣ ಸ್ಪರ್ಧಿ ತನಗೆ ಚೆಲುವಾಗಿ ಕಂಡದ್ದನ್ನು ಆರಿಸುವುದಿಲ್ಲ. ಬೇರೆಯವರು ಯಾವುದನ್ನು ಆರಿಸುತ್ತಾರೆಂದು ಊಹಿಸುತ್ತಾನೆ. ಬೇರೆಯವರೂ ಅದನ್ನೇ ಮಾಡುತ್ತಿರುತ್ತಾರೆ. ಬಿಳಿ ಸೆಡಾನುಗಳ ಸಾಲನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಆ ಸಾಲನ್ನು ನೋಡಲು ಉತ್ತರ ಬೆಂಗಳೂರಿನ ನಮ್ಮ ಅಮೃತಹಳ್ಳಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆ ಹಗಲೂ ರಾತ್ರಿ ಹಳದಿ ಪ್ಲೇಟಿನ ಬಿಳಿ ಗಾಡಿಗಳ ರಸ್ತೆಯಾಯಿತು. ಒಂದು ಕಡೆ ಮಾನ್ಯತಾ ಟೆಕ್ ಪಾರ್ಕ್, ಇನ್ನೊಂದು ಕಡೆ ಜಕ್ಕೂರು, ನಡುವೆ ನಮ್ಮ ಬೀದಿಗಳು. ಯಾವ ಅಡ್ಡರಸ್ತೆಗೆ ಹೋದರೂ ಕೆಎ-04, ಕೆಎ-50ರ ನಡುವೆ ಆಂಧ್ರ, ತಮಿಳುನಾಡು, ದೆಹಲಿಯ ಪ್ಲೇಟುಗಳು. ಕೆಲಸ ಬದಲಾದವರು ಹೊರಡುವಾಗ ಫ್ರಿಜ್ಜು, ಮಂಚದ ಜೊತೆ ಕಾರನ್ನೂ ಮಾರುತ್ತಾರೆ, ಬಂದವರು ಕೊಳ್ಳುತ್ತಾರೆ. ಹಿಂದಿನ ಗಾಜಿಗೆ ಅಂಟಿಸಿದ ‘ಫಾರ್ ಸೇಲ್’ ಚೀಟಿ ಬಿಸಿಲಿಗೆ ಬಿಳಿಚಿಕೊಂಡಿದ್ದರೆ ಆ ಗಾಡಿಗೆ ಬೆಲೆ ಜಾಸ್ತಿ ಹೇಳಿದ್ದಾರೆ ಎಂದೇ ಲೆಕ್ಕ.

ಹಳೆಯ ಕಾರಿನ ಪೇಟೆಯ ಮೇಲೆ ಬರೆದ ಒಂದೇ ಒಂದು ಲೇಖನಕ್ಕೆ ನೊಬೆಲ್ ಸಿಕ್ಕಿತೆಂದರೆ ಅತಿಶಯೋಕ್ತಿ, ಆದರೆ ಬಹಳವೇನೂ ಅಲ್ಲ. ಜಾರ್ಜ್ ಅಕರ್ಲೋಫ್ ಬರೆದದ್ದನ್ನು ಮೂರು ಪತ್ರಿಕೆಗಳು ವಾಪಸು ಕಳಿಸಿ, ನಾಲ್ಕನೆಯದು 1970ರಲ್ಲಿ ಅಚ್ಚು ಹಾಕಿತು. 2001ರಲ್ಲಿ ನೊಬೆಲ್ ಬಂತು. ಅವನು ಹೇಳಿದ್ದು ಇಷ್ಟು: ಗಾಡಿಯ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಗೂ ಒಂದು ಸರಾಸರಿ ಅನುಮಾನದ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲಾರ, ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಪೇಟೆಯಲ್ಲಿ ಉಳಿಯುವುದು ಕೆಟ್ಟವೇ. ಅಕರ್ಲೋಫ್ ಒಂದು ವರ್ಷ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕಳೆದವನು. ಅವನ ಲೇಖನದಲ್ಲಿ ನಮ್ಮ ಹೆಂಗಸರೂ ಬರುತ್ತಾರೆ. ಅಂಗಡಿಯವನು ಬೇಕೆಂದೇ ಬೆರೆಸಿದ, ಅಕ್ಕಿಯದೇ ಬಣ್ಣದ ಕಲ್ಲುಗಳನ್ನು ಅವರು ಕೂತು ಆರಿಸಬೇಕಲ್ಲ, ಅಪ್ರಾಮಾಣಿಕತೆಗೆ ಸಮಾಜ ತೆರುವ ಬೆಲೆಗೆ ಅದೂ ಒಂದು ಉದಾಹರಣೆ.

ಕಾರಿನಲ್ಲಿ ಕಲ್ಲು ಆರಿಸುವವನು ಮೆಕ್ಯಾನಿಕ್. ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜ್ ಇಟ್ಟಿರುವವರ ಮಾತು ಕೇಳಿದರೆ ಇದೂ ಒಂದು ಶಾಸ್ತ್ರವೇ ಅನ್ನಿಸುತ್ತದೆ. ‘ಬೆಳಿಗ್ಗೆ ಬೇಗ ಹೋಗಿ ಸಾರ್, ಹೇಳದೆ ಹೋದರೆ ಇನ್ನೂ ಒಳ್ಳೇದು. ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ನೀವು ಬರೋಕೆ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ.’ ತಣ್ಣಗಿನ ಇಂಜಿನ್ನು ಮೊದಲ ಸಲ ಹೇಗೆ ಹಿಡಿಯುತ್ತದೆ, ನೀಲಿ ಹೊಗೆ ಬಂತೇ, ಆಯಿಲ್ ಮುಚ್ಚಳ ತೆಗೆದರೆ ಒಳಗಿಂದ ಗಾಳಿ ಎಷ್ಟು ಜೋರಾಗಿ ತಳ್ಳುತ್ತದೆ, ಇವು ಇಂಜಿನ್ನಿನ ಮಾತು. ಆಮೇಲೆ ಬಾಡಿ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಪಿಲ್ಲರಿನ ಅಂಚಿನಲ್ಲಿ ಕಂಪನಿಯ ವೆಲ್ಡಿಂಗ್ ಚುಕ್ಕಿಗಳು ಹಾಗೇ ಇವೆಯೇ ನೋಡುತ್ತಾರೆ. ಫೆಂಡರಿನ ಬೋಲ್ಟಿನ ಮೇಲೆ ಸ್ಪ್ಯಾನರ್ ಗೀರು ಇದ್ದರೆ ಯಾವತ್ತೋ ಬಿಚ್ಚಿದ್ದಾರೆ. ಎಲ್ಲ ಗಾಜೂ ಒಂದೇ ವರ್ಷದ್ದಾಗಿ ಒಂದು ಮಾತ್ರ ಈಚಿನದಾದರೆ ಅದಕ್ಕೊಂದು ಕತೆಯಿರಬೇಕು. ಮೀಟರಿನಲ್ಲಿ ಮೂವತ್ತು ಸಾವಿರ ಕಿ.ಮೀ. ಇದ್ದು, ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ ಮೀಟರ್ ಬ್ಯಾಕ್ ಮಾಡಿಸಿದ ಗಾಡಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಪೇಪರಿನಲ್ಲಿ ಸುಳ್ಳು ಹೇಳಿದವನೂ ಟೈರಿನಲ್ಲಿ ಹೇಳುವುದನ್ನು ಮರೆತಿರುತ್ತಾನೆ.

ಉತ್ತರ ಬೆಂಗಳೂರಿಗೆಂದೇ ಇನ್ನೊಂದು ಪರೀಕ್ಷೆ ಸೇರಿಕೊಂಡಿದೆ. 2024ರ ಅಕ್ಟೋಬರಿನ ಮಳೆಯಲ್ಲಿ ಮಾನ್ಯತಾ ಟೆಕ್ ಪಾರ್ಕ್ ಕೆರೆಯಾಯಿತು. ಯಲಹಂಕದ ಕೇಂದ್ರೀಯ ವಿಹಾರ 2021ರಲ್ಲಿ ಒಮ್ಮೆ ಮುಳುಗಿತ್ತು, ಆಗ ಮತ್ತೊಮ್ಮೆ ಮುಳುಗಿತು. ನೀರಲ್ಲಿ ನಿಂತ ಕಾರು ತೊಳೆದು ಪಾಲಿಶ್ ಮಾಡಿದರೆ ಹೊಸದರ ಹಾಗೇ ಕಾಣುತ್ತದೆ. ವೈರಿಂಗ್ ಮಾತ್ರ ಆರು ತಿಂಗಳ ಮೇಲೆ ಒಂದೊಂದಾಗಿ ಕೈ ಕೊಡುತ್ತದೆ. ಅದಕ್ಕೇ ಮೆಕ್ಯಾನಿಕ್ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯುತ್ತಾರೆ: ಯಾರೂ ಅಷ್ಟು ಉದ್ದ ಎಳೆದು ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಇಷ್ಟೆಲ್ಲ ಗೊತ್ತಿಲ್ಲದವರು ಬ್ರೋಕರ್ ಹೇಳುವ ‘ಡಾಕ್ಟರ್ ಓಡಿಸಿದ ಗಾಡಿ ಸಾರ್, ಸಿಂಗಲ್ ಓನರ್’ ಎಂಬ ಮಾತನ್ನು ನಂಬುತ್ತಾರೆ. ಈ ಊರಿನಲ್ಲಿ ಅಷ್ಟೊಂದು ಡಾಕ್ಟರುಗಳಿದ್ದಾರೆಯೇ ಎಂದು ಯಾರಾದರೂ ಲೆಕ್ಕ ಹಾಕಬೇಕು.

ಈಗ ಕಾರಿನ ಹುಚ್ಚರ ವಿಷಯ. ಇವರು ಕೇನ್ಸನ ಸ್ಪರ್ಧೆಯಲ್ಲಿ ಬೇಕೆಂದೇ ಸೋಲುವವರು. ಪೇಟೆ ಏನನ್ನು ಬೇಡ ಎನ್ನುತ್ತದೋ ಅದೇ ಬೇಕು. ಮಾನ್ಯತಾದಲ್ಲಿ ಕೆಲಸ ಮಾಡುವ ನಮ್ಮ ಬೀದಿಯ ಹುಡುಗನೊಬ್ಬ ತಿಂಗಳುಗಟ್ಟಲೆ ಹುಡುಕಿದ್ದು ಫಿಯೆಟ್ ಲಿನಿಯಾ ಟಿ-ಜೆಟ್. ಯಾಕಪ್ಪಾ ಎಂದರೆ, ‘ಅಂಕಲ್, ಸ್ಟೇರಿಂಗ್ ಹಿಡಿದರೆ ರಸ್ತೆ ಕೈಗೆ ಬರತ್ತೆ’ ಅಂದ. ಅದು ಬರೀ ಕವಿತೆಯಲ್ಲ. ಹಳೆಯ ಹೈಡ್ರಾಲಿಕ್ ಸ್ಟೇರಿಂಗಿನಲ್ಲಿ ಟೈರಿಗೆ ಆದದ್ದು ಸ್ವಲ್ಪವಾದರೂ ಕೈಗೆ ತಿಳಿಯುತ್ತದೆ. ಈಗಿನ ಎಲೆಕ್ಟ್ರಿಕ್ ಸ್ಟೇರಿಂಗ್ ಪಾರ್ಕಿಂಗಿಗೆ ಹಗುರ, ಪೆಟ್ರೋಲೂ ಉಳಿತಾಯ, ಆದರೆ ಬಹುಪಾಲು ಮೂಕ. ಫೋರ್ಡ್ ಐಕಾನ್ 1.6, 2001ರ ಪಾಲಿಯೊ, ಮೊದಲ ತಲೆಮಾರಿನ ಆಕ್ಟೇವಿಯಾ, ಹಳೆಯ ಹೊಂಡಾ ಸಿಟಿ ವಿಟೆಕ್, ಇವೆಲ್ಲ ಆ ಪಂಗಡದ ದೇವರುಗಳು. ಇವುಗಳಲ್ಲಿ ಕೆಲವನ್ನು ತಯಾರಿಸಿದವರು ಈಗ ಇಲ್ಲಿ ಕಾರು ಮಾರುವುದಿಲ್ಲ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಅದಕ್ಕೂ ಮೊದಲು ಷೆವ್ರೊಲೆ ಕೂಡ 2017ರಲ್ಲೇ ಮಾರಾಟ ಮುಗಿಸಿತ್ತು. ಕಂಪನಿ ಹೋದ ಸುದ್ದಿ ಬಂದದ್ದೇ ತಡ, ಒಳ್ಳೆಯ ಗಾಡಿಗಳ ಬೆಲೆಯೂ ಬಿದ್ದುಹೋಗುತ್ತದೆ. ಗಾಡಿಯಲ್ಲಿ ಒಂದು ಸ್ಕ್ರೂ ಕೂಡ ಬದಲಾಗಿರುವುದಿಲ್ಲ. ಬದಲಾದದ್ದು ಜನರ ಧೈರ್ಯ. ಹುಚ್ಚರು ಕಾಯುತ್ತಿದ್ದುದು ಅದಕ್ಕೇ.

ಹೆದರುವುದರಲ್ಲಿ ಅರ್ಥವಿಲ್ಲ ಎಂದಲ್ಲ. ಕ್ಲಚ್ಚು, ಬ್ರೇಕ್ ಪ್ಯಾಡು ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ, ಹೆಡ್‌ಲೈಟೋ ಬಾಗಿಲೋ ಬೇಕಾದರೆ ಶಿವಾಜಿನಗರದ ಗುಜರಿ ಇದೆ. ಆದರೆ ಇಂಜಿನ್ನಿನ ಕಂಪ್ಯೂಟರ್ ಇಸಿಎಂ ಸುಟ್ಟರೆ, ಏರ್‌ಬ್ಯಾಗ್ ಮಾಡ್ಯೂಲ್ ಹೋದರೆ ಗಾಡಿ ತಿಂಗಳುಗಟ್ಟಲೆ ಗ್ಯಾರೇಜಿನ ಮೂಲೆಯಲ್ಲಿ ನಿಲ್ಲುತ್ತದೆ. ಅದಕ್ಕೇ ಹುಚ್ಚಿನಲ್ಲೂ ಲೆಕ್ಕ ಬಲ್ಲವರು ಫಿಯೆಟ್ಟಿನ 1.3 ಮಲ್ಟಿಜೆಟ್ ಡೀಸೆಲ್ ಇಂಜಿನ್ ಇರುವುದನ್ನು ಹುಡುಕುತ್ತಾರೆ. ಒಂದೇ ಇಂಜಿನ್ನು ಸ್ವಿಫ್ಟಿನಲ್ಲೂ ಇತ್ತು, ಟಾಟಾ ಗಾಡಿಗಳಲ್ಲೂ ಇತ್ತು. ಹಾಗಾಗಿ ಕೈ ಪಳಗಿದ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾನೆ. 2020ರ ಏಪ್ರಿಲಿನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲನ್ನೇ ಕೈಬಿಟ್ಟಿತು. ಸಣ್ಣ ಡೀಸೆಲ್ ಕಾರಿನ ರುಚಿ ಹತ್ತಿದವನಿಗೆ ಈಗ ಹೆಚ್ಚುಕಡಿಮೆ ಹಳೆಯದೇ ಗತಿ.

ನನಗೆ ಈ ಹುಡುಗರ ಮೇಲೆ ಮೆಚ್ಚುಗೆಯಿದೆ (ಸೈಲೆನ್ಸರ್ ಬಿಚ್ಚಿ ರಾತ್ರಿ ಹನ್ನೊಂದಕ್ಕೆ ಓಡಿಸುವವರನ್ನು ಬಿಟ್ಟು). ತಾವು ಓಡಿಸುವ ಕಾರನ್ನು ತಮಗಾಗಿ ಆರಿಸಿಕೊಳ್ಳುವವರು ಅವರು ಮಾತ್ರ. ಆದರೆ ಆ ಪಂಗಡದೊಳಗೂ ಈಗ ಅದೇ ಸ್ಪರ್ಧೆ ಶುರುವಾಗಿದೆ. ಮಾರುತಿ ಜಿಪ್ಸಿ 1985ರಿಂದ ಬಂದ ಗಾಡಿ. ಸೈನ್ಯ, ಅರಣ್ಯ ಇಲಾಖೆ, ಕೊಡಗಿನ ತೋಟ, ಕೆ-1000 ರ‍್ಯಾಲಿ, ಎಲ್ಲ ಕಡೆ ದುಡಿದದ್ದು. ಎಸಿ ಇಲ್ಲದೆ, ಬೆನ್ನು ಮುರಿಯುವ ಲೀಫ್ ಸ್ಪ್ರಿಂಗಿನ ಮೇಲೆ ಓಡುತ್ತಿದ್ದ ಅದನ್ನು ಒಂದು ಕಾಲಕ್ಕೆ ಕೇಳುವವರಿರಲಿಲ್ಲ. ಈಗ ತುಕ್ಕು ಹಿಡಿದ ಜಿಪ್ಸಿಗೂ ಹೇಳುವ ಬೆಲೆ ಕೇಳಿದರೆ ಕೂತುಬಿಡಬೇಕು. ಕಾಂಟೆಸ್ಸಾ ಕತೆಯೂ ಅದೇ, ಯಮಹಾ ಆರ್‌ಎಕ್ಸ್ 100ರದ್ದೂ ಅದೇ. ತಂದು ಕವರ್ ಹಾಕಿ ಇಡುತ್ತಾರೆ, ಮಳೆಯಲ್ಲಿ ತೆಗೆಯುವುದಿಲ್ಲ. ಇನ್ನೈದು ವರ್ಷಕ್ಕೆ ಎಷ್ಟಾಗಬಹುದು ಎಂದು ಮಾತಾಡಿಕೊಳ್ಳುತ್ತಾರೆ. ಬಿಳಿ ಸೆಡಾನ್ ಕೊಂಡವನಾದರೂ ದಿನಾ ಆಫೀಸಿಗೆ ಓಡಿಸುತ್ತಾನೆ.

ಇನ್ನು ಪೇಪರ್. ರುಚಿ ಏನೇ ಇರಲಿ, ಎಲ್ಲರೂ ಕೊನೆಗೆ ಆರ್‌ಟಿಒ ಮೆಟ್ಟಿಲು ಹತ್ತಬೇಕು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿ, ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಗಾಡಿಗಳು ದಕ್ಷಿಣಕ್ಕೆ ಇಳಿದವು. ಅಗ್ಗ ಎಂದು ಹಿಗ್ಗಿದವನಿಗೆ ಕರ್ನಾಟಕದ ಲೈಫ್ ಟ್ಯಾಕ್ಸ್ ಕಾದಿರುತ್ತದೆ. ಇಲ್ಲಿ ಹೊಸ ಕಾರಿಗೆ ಹತ್ತು ಲಕ್ಷ ದಾಟಿದರೆ ಶೇ 17, ಇಪ್ಪತ್ತು ದಾಟಿದರೆ ಶೇ 18, ಅದರ ಮೇಲೆ ಸೆಸ್. ಹೊರಗಿನ ಹಳೆಯ ಗಾಡಿಗೆ ವಯಸ್ಸಿನ ಪ್ರಕಾರ ಕಡಿಮೆಯಾದರೂ ಉಳಿತಾಯದ ದೊಡ್ಡ ಪಾಲನ್ನು ಅದು ನುಂಗುತ್ತದೆ.

ಮಾರುವವರು ಮಾತ್ರ ದುಡ್ಡು ಎಣಿಸಿಕೊಂಡು ಕೀ ಕೊಟ್ಟ ಕೂಡಲೇ ಕೈ ತೊಳೆದುಕೊಂಡೆವು ಎಂದುಕೊಳ್ಳುತ್ತಾರೆ. ಒಂದೇ ರಾಜ್ಯದೊಳಗಾದರೆ 14 ದಿನದಲ್ಲಿ ಮಾರಾಟದ ವಿಷಯ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ದಾಟಿ ಹೋಗಿ ಅಪಘಾತವಾಗಿತ್ತು, ಆರ್‌ಸಿಯಲ್ಲಿ ಹೆಸರು ಮಾತ್ರ ಮೊದಲ ಮಾಲೀಕನದೇ ಉಳಿದಿತ್ತು. ಪರಿಹಾರದ ಹೊಣೆ ಅವನದೇ ಎಂದಿತು ಸುಪ್ರೀಂ ಕೋರ್ಟ್. ನಮ್ಮ ಬೀದಿಯ ಹುಡುಗನಿಗೆ ಕೊನೆಗೂ ಲಿನಿಯಾ ಸಿಕ್ಕಿದ್ದು ಸಹಕಾರನಗರದ ನಿವೃತ್ತರೊಬ್ಬರ ಹತ್ತಿರ. ಗಾಡಿ ಕೊಟ್ಟರು, ಸರ್ವಿಸ್ ಬಿಲ್ಲುಗಳ ಫೈಲು ಕೊಟ್ಟರು. ಎರಡನೇ ಕೀ ಮಾತ್ರ ಆರ್‌ಸಿ ಅವನ ಹೆಸರಿಗೆ ಆಗಿ ಬಂದ ಮೇಲೆ ಕೊಡುತ್ತೇನೆ ಅಂದರು. ಅವನು ಗೊಣಗಿಕೊಂಡೇ ಆರ್‌ಟಿಒಗೆ ಓಡಾಡಿ ಬೇಗ ಮುಗಿಸಿದ.